ಹೊಲಕ್ಕ ಊಟಕ್ಕ ಬರ್ರಿ

ಮಾರ್ಗಶಿರದ ಅಮಾವಾಸ್ಯೆಯ ದಿನ ಲಾತೂರು ಪೇಟೆಗೆ ಹೋದವರಿಗೆ ಒಂದು ಕಪ್ ಚಹಾ ಸಿಗುವುದೂ ಕಷ್ಟ. ಅಂಗಡಿಗಳ ಬಾಗಿಲು ಹಾಕಿರುತ್ತದೆ, ರಸ್ತೆ ಭಣಭಣ. ನಿಲಂಗಾ, ಉದಗೀರ, ಉಮರಗಾದಲ್ಲೂ ಅದೇ ಕತೆ. ಊರು ಬಿಟ್ಟು ಅರ್ಧ ಮೈಲಿ ನಡೆದು ಯಾವುದಾದರೂ ಬದುವಿನ ಮೇಲೆ ನಿಂತರೆ ಜನ ಎಲ್ಲಿದ್ದಾರೆಂದು ತಿಳಿಯುತ್ತದೆ: ಎದೆಮಟ್ಟ ಬೆಳೆದ ಬಿಳಿಜೋಳದ ನಡುವೆ ಸೀರೆಗಳ ಬಣ್ಣ, ಬುತ್ತಿಗಂಟು, ಮಕ್ಕಳ ಗದ್ದಲ.

ನಮ್ಮ ಕಡೆ ಇದು ಎಳ್ಳಮಾಸಿ. ಮರಾಠಿಯಲ್ಲಿ 'ವೇಳ ಅಮಾವಸ್ಯಾ', ಹಳ್ಳಿ ಬಾಯಲ್ಲಿ 'ಯೇಳವಸ'. ಮರಾಠಿಯ 'ವೇಳ' ಎಂದರೆ ಹೊತ್ತು. ಈ ಹಬ್ಬಕ್ಕೂ ಹೊತ್ತಿಗೂ ಏನು ಸಂಬಂಧವೆಂದು ಯಾರಿಗೂ ಹೇಳಲು ಬರುವುದಿಲ್ಲ. ಕನ್ನಡದ 'ಎಳ್ಳ' ಹೀಗೆ ವೇಷ ಹಾಕಿಕೊಂಡಿದೆ ಎಂದು ಅಲ್ಲಿನ ಮರಾಠಿಗರೇ ಹೇಳುವುದುಂಟು. ಶಬ್ದ ಗಡಿ ದಾಟಿತು ಅನ್ನುವಂತಿಲ್ಲ, ಗಡಿಯೇ ಶಬ್ದವನ್ನು ದಾಟಿಕೊಂಡು ಬಂತು. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳು. ಭಾಷಾವಾರು ವಿಂಗಡಣೆಯಲ್ಲಿ ಮರಾಠಿ ಸೀಮೆಯ ಕಡೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರಲ್ಲಿ ಸೇರಿದವು. ಉಮರಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ, ಆಳಂದಕ್ಕೆ ಬೆನ್ನು ಹಚ್ಚಿಕೊಂಡು.

ಹಬ್ಬದ ದಿನ ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೋ ಅವರಿಗೂ ಹಬ್ಬದೂಟ ಮುಟ್ಟಬೇಕು ಎಂಬ ಕೆಲಸಕ್ಕೆ ಈ ಸೀಮೆ ಕಟ್ಟಿಕೊಂಡಿರುವ ಹಳೆಯ ಏರ್ಪಾಡು ಈ ಎಳ್ಳಮಾಸಿ. ಅದಕ್ಕೆ ಅಧ್ಯಕ್ಷರಿಲ್ಲ, ರಸೀದಿ ಪುಸ್ತಕವಿಲ್ಲ. ಜಿಲ್ಲಾಧಿಕಾರಿಗಳು ಸ್ಥಳೀಯ ರಜೆ ಕೊಡುತ್ತಾರೆ. ಸರ್ಕಾರದ ಪಾಲು ಅಷ್ಟೇ.

ಊಟದ ವಿಷಯಕ್ಕೆ ಬರೋಣ, ಇಲ್ಲಿ ಅವಸರ ಮಾಡಬಾರದು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಬಜ್ಜಿ ಎಂದುಕೊಂಡು ಬಂದವರು ಮೋಸ ಹೋಗುತ್ತಾರೆ. ಇದು ಹಸಿ ತೊಗರಿಕಾಳು, ಅವರೆ, ಬಟಾಣಿ, ಶೇಂಗಾ, ಕಡ್ಲಿಸೊಪ್ಪು, ಮೆಂತ್ಯೆ, ಕೈಗೆ ಸಿಕ್ಕ ಕಾಯಿಪಲ್ಲೆ ಎಲ್ಲವನ್ನೂ ಹುಣಸೆಹುಳಿ, ಕಡ್ಲಿಹಿಟ್ಟಿನಲ್ಲಿ ಗಟ್ಟಿಯಾಗಿ ಕುದಿಸಿದ ಪಲ್ಯ. ಆ ಹೊತ್ತಿನಲ್ಲಿ ಎರಿಭೂಮಿ ಏನು ಕೊಡುತ್ತದೋ ಅದೆಲ್ಲ ಒಂದೇ ಪಾತ್ರೆಯಲ್ಲಿ. ಜತೆಗೆ ಸಜ್ಜಿರೊಟ್ಟಿ, ಉಂಡೆ, ಎಳ್ಳುಹೋಳಿಗೆ, ಗೋಧಿಯ ಖೀರು. ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ, ಬೆಳ್ಳುಳ್ಳಿ ಹಾಕಿ ಹುಳಿಯಾಗಿಸಿದ ಜೋಳದ ಅಂಬಲಿ. ಎರಡು ಲೋಟ ಅಂಬಲಿ ಕುಡಿದವನು ಮರದ ನೆರಳಿನಲ್ಲಿ ಸಂಜೆಯವರೆಗೆ ಏಳುವುದಿಲ್ಲ.

ಹೊಲದಲ್ಲಿ ಕಣಿಕೆಯಿಂದ ಕಟ್ಟಿದ ಪುಟ್ಟ ಕೊಪ್ಪಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು. ಅವೇ ಪಾಂಡವರು. ಪೂಜೆಯಾದ ಮೇಲೆ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ, ಹಕ್ಕಿಗೆ, ಹುಳಕ್ಕೆ. ಆಮೇಲೆ ಮನುಷ್ಯರ ಪಾಳಿ. ದಾರಿಯಲ್ಲಿ ಹೋಗುವವರನ್ನು ಬದುವಿನ ಮೇಲಿಂದ ಕೂಗಿ ಕರೆಯುತ್ತಾರೆ. ಹೊಲವಿಲ್ಲದ ಕೂಲಿಯವರು, ಊರಲ್ಲಿ ಬಾಡಿಗೆಗಿರುವ ಮಾಸ್ತರರು, ಪೇಟೆಯ ಗೆಳೆಯರು, ಬೇರೆ ಧರ್ಮದವರು, ಎಲ್ಲರಿಗೂ ಕರೆ. ಹೊಲ ಇಲ್ಲದವರಿಗೆ ಅವತ್ತು ನಾಲ್ಕು ಹೊಲಗಳ ಆಹ್ವಾನ.

ಈ ಏರ್ಪಾಡಿನ ಜಾಣತನ ಆ 'ಕರೆ'ಯಲ್ಲೇ ಇದೆ. ಇಲ್ಲಿ ಬಡವರಿಗೆ ಅನ್ನ ಹಾಕುತ್ತೇವೆಂದು ಯಾರೂ ಹೇಳುವುದಿಲ್ಲ, "ಊಟಕ್ಕ ಬರ್ರಿ" ಅನ್ನುತ್ತಾರೆ. ಹಸಿದವನೂ ಹಸಿಯದವನೂ ಒಂದೇ ಪಂಕ್ತಿಯಲ್ಲಿ ಮಣ್ಣಿನ ಮೇಲೆ ಕೂತಿರುವುದರಿಂದ ಯಾರಿಗೆ ಇದು ಹಬ್ಬ, ಯಾರಿಗೆ ದಿನದ ಒಂದೇ ಊಟ ಎಂದು ಗುರುತಿಸಲಾಗದು. ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ದಾಸೋಹದಲ್ಲಿ ಹಾಗಿರಬಾರದು ಎಂದು ಶರಣರು ಮಾಡಿದ ಭೇದ ಈ ಹೊಲಗಳಿಗೆ ಪುಸ್ತಕದಿಂದ ಬಂದಿರಲಾರದು. ಆದರೆ ಗಾಳಿಯಲ್ಲಂತೂ ಇದೆ.

ಇದೇ ಎಚ್ಚರ ಉದಗೀರದ ಮುಸ್ಲಿಂ ಓಣಿಗಳಲ್ಲಿ ಇನ್ನೊಂದು ರೂಪದಲ್ಲಿ ಕಾಣುತ್ತದೆ. ರಂಜಾನ್ ಮುಗಿಯುವಾಗ ಉಳ್ಳ ಮನೆಯ ಪ್ರತಿ ತಲೆಗೆ ಇಷ್ಟು ಎಂದು ಫಿತ್ರಾ ತೆಗೆಯಬೇಕು. ಹನಫಿ ಲೆಕ್ಕದಲ್ಲಿ ಸುಮಾರು ಒಂದೂಮುಕ್ಕಾಲು ಕೆ.ಜಿ. ಗೋಧಿ ಅಥವಾ ಅದರ ಬೆಲೆ. ತೊಟ್ಟಿಲ ಕೂಸಿನ ಹೆಸರಲ್ಲೂ ತೆಗೆಯಬೇಕು. ಅದು ಈದ್ ನಮಾಜಿಗೆ ಮುಂಚೆಯೇ ಮುಟ್ಟಬೇಕು ಎಂಬುದು ನಿಯಮದ ಜೀವ. ಹಬ್ಬ ಮುಗಿದ ಮೇಲೆ ಬಂದ ಗೋಧಿಯಿಂದ ಯಾರ ಮನೆಯ ಶೀರ್‌ಖುರ್ಮಾ ಆದೀತು?

ಸರ್ಕಾರಕ್ಕೆ ಈ ವಿಚಾರ ಹೊಳೆದದ್ದು ತಡವಾಗಿ. 2022ರ ದೀಪಾವಳಿಗೆ ಮಹಾರಾಷ್ಟ್ರ ಸರ್ಕಾರ 'ಆನಂದಾಚಾ ಶಿಧಾ' ಎಂಬ ಚೀಲ ತಂದಿತು. ರೇಷನ್ ಅಂಗಡಿಯಲ್ಲಿ 100 ರೂಪಾಯಿಗೆ ಒಂದು ಕೆ.ಜಿ. ರವೆ, ಒಂದು ಕೆ.ಜಿ. ಸಕ್ಕರೆ, ಒಂದು ಕೆ.ಜಿ. ಕಡಲೆಬೇಳೆ, ಒಂದು ಲೀಟರ್ ತಾಳೆ ಎಣ್ಣೆ. ಮರುವರ್ಷದ ದೀಪಾವಳಿಗೆ ಮೈದಾ, ಅವಲಕ್ಕಿಯೂ ಸೇರಿದವು. ಮರಾಠವಾಡದ ಜಿಲ್ಲೆಗಳಲ್ಲಿ ಬಡತನದ ರೇಖೆಯ ಮೇಲಿನ ರೈತರ ಕೇಸರಿ ಕಾರ್ಡಿಗೂ ಕೊಟ್ಟರು. ರೈತರ ಆತ್ಮಹತ್ಯೆಯ ಜಿಲ್ಲೆಗಳಲ್ಲಿ ಕಾರ್ಡಿನ ಬಣ್ಣ ನೋಡಿ ಬಡತನ ಅಳೆಯಲಾಗದೆಂದು ಗೊತ್ತಿತ್ತಲ್ಲ. ಶಿಧಾ ಎಂಬ ಹೆಸರೂ ನಮ್ಮ ಕಡೆ ಹೊಸದಲ್ಲ, ಬೇಯಿಸದ ಧಾನ್ಯವನ್ನು ಮನೆಗೆ ಬಂದವರ ಮಡಿಲಿಗೆ ಹಾಕುವುದು. ಚೀಲದ ಮೇಲೆ ನಾಯಕರ ಮುಖ ಇರುತ್ತಿದ್ದುದು ಮಾತ್ರ ಹೊಸ ಸಂಪ್ರದಾಯ.

2025ರಲ್ಲಿ ಆ ಚೀಲ ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮರಾಠವಾಡ ಕಂಡರಿಯದ ಮಳೆ ಸುರಿಯಿತು. ಮಾಂಜರಾ, ತೇರಣಾ ಉಕ್ಕಿದವು. ಕೊಯ್ಲಿಗೆ ಬಂದ ಸೋಯಾಬೀನ್ ನಿಂತ ನೀರಿನಲ್ಲೇ ಮೊಳಕೆ ಒಡೆಯಿತು, ಎಷ್ಟೋ ಕಡೆ ಮೇಲ್ಮಣ್ಣೇ ಕೊಚ್ಚಿಹೋಯಿತು. ಈ ಸೀಮೆಯಲ್ಲಿ ದೀಪಾವಳಿ ಎಂದರೆ ಸೋಯಾಬೀನಿನ ದುಡ್ಡು. ಅಕ್ಟೋಬರ್ 7ರಂದು ಸರ್ಕಾರ 31,628 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ದೀಪಾವಳಿಗೆ ಉಳಿದದ್ದು ಎರಡು ವಾರ.

ಆಗ ಕೈ ಹಚ್ಚಿದವರು ಸ್ವಯಂಸೇವಕರು. ಪುಣೆ, ಮುಂಬೈ, ಸೊಲ್ಲಾಪುರ ಕಡೆಗಳಿಂದ ಟೆಂಪೊಗಳು ಬಂದವು. ಗೋಧಿಹಿಟ್ಟು, ಬೇಳೆ, ಎಣ್ಣೆ, ಚಾದರ, ಮಕ್ಕಳಿಗೆ ವಹಿ ಪುಸ್ತಕ, ಮತ್ತೆ ಫರಾಳ: ಚಿವಡಾ, ಚಕ್ಕುಲಿ, ಶಂಕರಪಾಳಿ, ಲಾಡು. ಬೇಳೆ ಎಣ್ಣೆ ಇದ್ದ ಮೇಲೆ ಚಕ್ಕುಲಿ ಯಾಕೆ ಎಂದು ಕೇಳುವವರು ದೀಪಾವಳಿಯ ಬೆಳಿಗ್ಗೆ ಪಕ್ಕದ ಮನೆಯ ವಾಸನೆ ಹಿಡಿದು ನಿಂತ ಮಗುವನ್ನು ನೋಡಿರಲಿಕ್ಕಿಲ್ಲ.

ಇಂಥ ಲಾರಿಗಳು ಈ ಊರುಗಳಿಗೆ ಹೊಸವಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಮುಳುಗಿಸಿ ಬಂದು ಮಲಗಿದ್ದ ಜನರ ಮೇಲೆ ಕಿಲ್ಲಾರಿ, ಸಾಸ್ತೂರು ಸುತ್ತಿನ ಕಲ್ಲುಮಣ್ಣಿನ ಮನೆಗಳು ಭೂಕಂಪಕ್ಕೆ ಕುಸಿದವು. 7,900ಕ್ಕೂ ಹೆಚ್ಚು ಜನ ಸತ್ತರು. ಪುಣೆಯ ಭಾರತೀಯ ಜೈನ ಸಂಘಟನೆಯ ಶಾಂತಿಲಾಲ ಮುಥ್ಥಾ ಸುಮಾರು 1,200 ಮಕ್ಕಳನ್ನು ಕರೆದೊಯ್ದು ಓದಿಸಿದರು. ಒಂದು ಕಿಟ್ಟಿಗೆ ಮುಗಿಯದ ಕೆಲಸ ಅದು.

ಕಿಟ್ ಹಂಚುವವರ ಬಗ್ಗೆ ನನ್ನದೊಂದು ತಕರಾರು ಇದೆ, ಪ್ರೀತಿಯಿಂದಲೇ. ಚೀಲ ಕೊಡುವಾಗ ಫೋಟೊ ತೆಗೆಯುತ್ತಾರೆ. ದಾನಿಗಳಿಗೆ ಲೆಕ್ಕ ತೋರಿಸಬೇಕು ನಿಜ. ಆದರೆ ನಿನ್ನೆಯವರೆಗೆ ಎರಡೆಕರೆಯ ಒಡತಿಯಾಗಿ ಇತರರನ್ನು ಹೊಲಕ್ಕೆ ಕರೆದ ಹೆಂಗಸು ಇವತ್ತು ಕ್ಯಾಮೆರಾದ ಮುಂದೆ ಸೆರಗು ಸರಿಮಾಡಿಕೊಳ್ಳುತ್ತ ಚೀಲದ ಒಂದು ತುದಿ ಹಿಡಿದಿರುತ್ತಾಳೆ. ತಿಳಿದ ಹುಡುಗರು ಚೀಲವನ್ನು ಕತ್ತಲಾದ ಮೇಲೆ ಹೊಸ್ತಿಲ ಒಳಗೆ ಇಟ್ಟು ಬರಬಹುದು, ಪಟ್ಟಿಯಲ್ಲಿ ಹೆಸರಿನ ಬದಲು ಮನೆಗಳ ಎಣಿಕೆ ಬರೆದುಕೊಳ್ಳಬಹುದು.

ಎಳ್ಳಮಾಸಿಗೂ ಒಂದು ಕೊರತೆ ಇದೆ. ಊರಲ್ಲಿ ಇದ್ದವರಿಗಷ್ಟೇ ಅದರ ಕರೆ ಕೇಳಿಸುತ್ತದೆ. ಕೂಲಿಯಾಳು ಕರೆದೊಯ್ಯುವ ಮುಕಾದಮನ ಹತ್ತಿರ 'ಉಚಲ್' ಮುಂಗಡ ಪಡೆದು ಕಬ್ಬು ಕಡಿಯಲು ಹೋದ ಗಂಡಹೆಂಡಿರು ಆ ಹೊತ್ತಿಗೆ ಪಶ್ಚಿಮ ಮಹಾರಾಷ್ಟ್ರದಲ್ಲೋ ಬೆಳಗಾವಿ ಕಡೆಯೋ ಯಾವುದೋ ಕಾರ್ಖಾನೆಯ ಗದ್ದೆಯಲ್ಲಿರುತ್ತಾರೆ. ಅವರ ವಾಸವೂ ಕೊಪ್ಪಿಯಲ್ಲೇ, ಆದರೆ ಒಳಗೆ ಪಾಂಡವರಿಲ್ಲ. ಅಂಥ ತಾಂಡಾಗಳಿಗೆ ದೀಪಾವಳಿಗೆ ಲಾಡು ಒಯ್ಯುವವರು ಅಲ್ಲಲ್ಲಿ ಇದ್ದಾರೆ. ಡಿಸೆಂಬರಿನಲ್ಲಿ ಭಜ್ಜಿ ಒಯ್ಯುವವರು ಇನ್ನೂ ಹುಟ್ಟಬೇಕು.

2025ರ ಎಳ್ಳಮಾಸಿ ಬಂದದ್ದು ಡಿಸೆಂಬರ್ 19ಕ್ಕೆ, ನೆರೆ ಇಳಿದು ಮೂರು ತಿಂಗಳೂ ತುಂಬಿರಲಿಲ್ಲ. ಅಂಥ ವರ್ಷವೂ ಬದುವಿನ ಮೇಲಿನ ಕರೆಗೆ ಪಟ್ಟಿ, ಆಧಾರ ಕಾರ್ಡು ಬೇಕಿಲ್ಲ. ಟೆಂಪೊ ತಗೊಂಡು ಆ ದಾರಿಯಲ್ಲಿ ಬಂದವರಿಗೂ ಅದೇ ಮಾತು: ಗಾಡಿ ನಿಂದ್ರಸ್ರಿ, ಕೈ ತೊಳಕೊಳ್ರಿ, ಭಜ್ಜಿ ಆರತದ.