ನೆನಪಿನ ಮೇಲೆ ಆಣೆ ಇಡಬೇಡಿ

ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ಸುದ್ದಿ ನಿಮಗೆ ಹೇಳಿದವರು ಯಾರು? ಅದು ಗಾಜನೂರಿನಲ್ಲಿ 2000ದ ಜುಲೈ 30, ಭಾನುವಾರ ರಾತ್ರಿ ನಡೆದದ್ದು. ಆಗ ಬುದ್ಧಿ ತಿಳಿದಿದ್ದ ಕನ್ನಡಿಗರನ್ನು ಕೇಳಿ ನೋಡಿ, ಬಹುತೇಕ ಎಲ್ಲರ ಬಳಿಯೂ ಉತ್ತರ ಸಿದ್ಧವಿರುತ್ತದೆ. ನನ್ನದು ಇದು: ಸೋಮವಾರ ಬೆಳಿಗ್ಗೆ, ಮೈಸೂರಿನ ಹಾಸ್ಟೆಲ್ ಮೆಸ್ಸು, ಉಪ್ಪಿಟ್ಟು ಬಡಿಸುತ್ತಿದ್ದ ಭಟ್ಟರು ಸೌಟು ಹಿಡಿದುಕೊಂಡೇ ಹೇಳಿದರು. ಆ ಒಗ್ಗರಣೆಯ ಕರಿಬೇವಿನ ವಾಸನೆ ಇವತ್ತಿಗೂ ಮೂಗಿಗೆ ಬಡಿಯುತ್ತದೆ. ಹೋದ ವರ್ಷ ಅಟ್ಟ ಖಾಲಿ ಮಾಡುವಾಗ ಆಗಿನ ಡೈರಿ ಸಿಕ್ಕಿತು. ಜುಲೈ 31ರ ಪುಟದಲ್ಲಿ ನನ್ನದೇ ಅಕ್ಷರ: ಹಾಸನ, ಚಿಕ್ಕಮ್ಮನ ಮನೆ, ಬಸ್ಸಿಲ್ಲ. ಸುದ್ದಿ ತಂದವರು ಚಿಕ್ಕಪ್ಪ. ಭಟ್ಟರು ಎಲ್ಲಿಂದ ಬಂದು ಸೇರಿಕೊಂಡರೋ ದೇವರೇ ಬಲ್ಲ.

ಇದು ನನ್ನೊಬ್ಬನ ಪಾಡಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮಾರನೆಯ ದಿನವೇ ಉಲ್ರಿಕ್ ನೀಸರ್ ಎಂಬ ಮನೋವಿಜ್ಞಾನಿ ಎಮೊರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಬರೆಸಿಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಗೆ ಮತ್ತೆ ಅವೇ ಪ್ರಶ್ನೆ. ಕಾಲು ಭಾಗದಷ್ಟು ಜನರ ಉತ್ತರದಲ್ಲಿ ಒಂದಂಶವೂ ಹಳೆಯದಕ್ಕೆ ತಾಳೆಯಾಗಲಿಲ್ಲ. ಆತ್ಮವಿಶ್ವಾಸಕ್ಕೆ ಮಾತ್ರ ಕೊರತೆಯಿರಲಿಲ್ಲ. ಅವರದೇ ಕೈಬರಹವನ್ನು ಮುಂದಿಟ್ಟರೂ ಮೂಲ ನೆನಪು ಮರಳಲಿಲ್ಲ.

ನೆನಪು ಕ್ಯಾಸೆಟ್ಟಿನ ಹಾಗೆ, ಒಮ್ಮೆ ಅಚ್ಚಾದರೆ ಬೇಕಾದಾಗ ತಿರುಗಿಸಿ ಕೇಳಬಹುದು ಎಂಬ ನಂಬಿಕೆ ಎಲ್ಲ ತಪ್ಪು ಕಲ್ಪನೆಗಳ ತಾಯಿ. ಒಂದು ಘಟನೆಯ ವಾಸನೆ, ಮುಖ, ದನಿ, ಭಯ ಮಿದುಳಿನ ಬೇರೆ ಬೇರೆ ಭಾಗಗಳಲ್ಲಿ ಚದುರಿರುತ್ತವೆ. ಹಿಪೊಕ್ಯಾಂಪಸ್ ಎಂಬ ಭಾಗ ಅವನ್ನು ಒಂದಕ್ಕೊಂದು ಗಂಟು ಹಾಕಿರುತ್ತದೆ. ನೆನೆದಾಗಲೆಲ್ಲ ಮಿದುಳು ಚೂರುಗಳನ್ನು ಹೊಸದಾಗಿ ಕೂಡಿಸುತ್ತದೆ. ತೂತು ಬಿದ್ದ ಕಡೆ, ಸಾಮಾನ್ಯವಾಗಿ ಹೀಗೇ ತಾನೇ ಆಗುವುದು ಎಂಬ ಊಹೆಯ ತೇಪೆ ಹಾಕುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾದೀತು: ಪದ್ಯ ಅದೇ, ಅರ್ಥಗಾರಿಕೆ ಆಯಾ ರಾತ್ರಿಯದು. ತೊಡಕು ಏನೆಂದರೆ, ನಿನ್ನೆ ರಾತ್ರಿಯ ಅರ್ಥವೇ ನಾಳೆಗೆ ಪದ್ಯವಾಗಿಬಿಡುತ್ತದೆ. ಪ್ರತಿ ಸಂಕ್ರಾಂತಿಗೂ ಹೇಳಿ ಹೇಳಿ ಪಳಗಿದ ಮನೆತನದ ಕಥೆಗಳಲ್ಲಿ ಎಷ್ಟು ಪದ್ಯ ಉಳಿದಿದೆಯೋ!

“ನಾನು ಕಣ್ಣಾರೆ ಕಂಡಿದ್ದೇನೆ.”

ನ್ಯಾಯಾಲಯದಲ್ಲಿ ಈ ಮಾತಿನ ತೂಕ ದೊಡ್ಡದು. ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾರು ಅಪಘಾತದ ದೃಶ್ಯ ತೋರಿಸಿ, ಕೆಲವರಿಗೆ ಕಾರುಗಳು “ತಾಗಿದಾಗ” ವೇಗ ಎಷ್ಟಿತ್ತು ಎಂದೂ ಕೆಲವರಿಗೆ “ಅಪ್ಪಳಿಸಿದಾಗ” ಎಷ್ಟಿತ್ತು ಎಂದೂ ಕೇಳಿದರು. ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ಕೇಳಿದರೆ “ಅಪ್ಪಳಿಸಿದ” ಗುಂಪಿನಲ್ಲಿ ಶೇ 32ರಷ್ಟು, “ತಾಗಿದ” ಗುಂಪಿನಲ್ಲಿ ಶೇ 14ರಷ್ಟು ಮಂದಿ ಹೌದೆಂದರು. ದೃಶ್ಯದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಕ್ರಿಯಾಪದ ಅಷ್ಟು ಕೆಲಸ ಮಾಡಿತು. ಸಾಕ್ಷಿಗಳು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರೂ ತಪ್ಪು ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರಿಗೆ ಪ್ರಯೋಗಾಲಯ ಬೇಕಾಗಿರಲಿಲ್ಲ.

ಇದೇ ಕ್ಯಾಸೆಟ್ ನಂಬಿಕೆಯ ಇನ್ನೊಂದು ರೂಪ ಮಂಪರು ಪರೀಕ್ಷೆ. ಒಂದು ಕಾಲಕ್ಕೆ ಬೆಂಗಳೂರು ಈ ಪರೀಕ್ಷೆಗೆ ದೇಶಕ್ಕೇ ಹೆಸರಾಗಿತ್ತು. ಸೂಜಿ ಚುಚ್ಚಿದರೆ ಒಳಗಿನ ಸತ್ಯ ತಾನಾಗಿ ಹೊರಬೀಳುತ್ತದೆ ಎಂದು ನಾವೆಲ್ಲ ಟಿವಿ ಮುಂದೆ ಕೂತು ನಂಬಿದ್ದೆವು. ಪೆಂಟೊಥಾಲ್ ಔಷಧ ಅಂಕೆ ಸಡಿಲಿಸಿ ಮಾತನಾಡಿಸುತ್ತದೆ, ನಿಜ. ಆದರೆ ಆ ಮಂಪರಿನಲ್ಲಿ ನೆನಪು, ಕಲ್ಪನೆ, ಪ್ರಶ್ನೆ ಕೇಳುವವರ ಸುಳಿವು ಎಲ್ಲವೂ ಕಲಸಿಹೋಗುತ್ತವೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಪರೀಕ್ಷೆ ನಡೆಸಕೂಡದೆಂದು ತೀರ್ಪಿತ್ತಿತು. ಒಪ್ಪಿಗೆಯಿಂದ ನಡೆದರೂ ಆ ಫಲಿತಾಂಶವೇ ಸಾಕ್ಷ್ಯವಾಗದು.

ನಾವು ಮಿದುಳಿನ ಶೇ 10 ಭಾಗ ಮಾತ್ರ ಬಳಸುತ್ತೇವೆ ಎಂಬ ಇನ್ನೊಂದು ತಪ್ಪು ಕಲ್ಪನೆಗೆ ಎರಡೇ ಸಾಲು ಸಾಕು. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇ 20ನ್ನು ನುಂಗುತ್ತದೆ. ಒಂಬತ್ತು ಪಾಲು ಸೋಮಾರಿಗೆ ದಿನಾ ಇಷ್ಟು ಉಣ್ಣಲಿಕ್ಕುವಷ್ಟು ದೇಹ ದಡ್ಡನಲ್ಲ. ಹಾಗೆಯೇ ನೆನಪು ಚುರುಕಾಗಲೆಂದು ಪರೀಕ್ಷೆಯ ಹಿಂದಿನ ದಿನ ಬಡಿಸುವ ಒಂದೆಲಗದ ತಂಬುಳಿ: ರುಚಿಗಾಗಿ ಧಾರಾಳವಾಗಿ ತಿನ್ನಿ. ಅಂಕಕ್ಕೆ ಬೇಕಾದದ್ದು ಪುಸ್ತಕ ಮುಚ್ಚಿಟ್ಟು ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು, ಆಮೇಲೆ ಚೆನ್ನಾಗಿ ನಿದ್ದೆ ಮಾಡುವುದು.

“ಅರವತ್ತಕ್ಕೆ ಅರಳು ಮರಳು.”

ನನಗೆ ಸಿಟ್ಟು ಬರುವುದು ಈ ಗಾದೆಯ ಮೇಲೆ. ವಯಸ್ಸಾದಂತೆ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಹಜ. ಈಗಷ್ಟೇ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ತನ್ನದೇ ಬೀದಿಯಲ್ಲಿ ದಾರಿ ತಪ್ಪುವುದು, ನಲವತ್ತು ವರ್ಷ ಮಾಡಿದ ಸಾರಿಗೆ ಮೊದಲು ಏನು ಹಾಕಬೇಕೆಂದು ತೋಚದಿರುವುದು ಸಹಜವಲ್ಲ. ಅದು ಕಾಯಿಲೆಯ ಸೂಚನೆ ಇರಬಹುದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು ಕೂಡ ಮರೆವು ತರುತ್ತವೆ, ಇವನ್ನು ಸರಿಪಡಿಸಬಹುದು. ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟು, ಬದಲಿಸಬಹುದಾದ 14 ಅಂಶಗಳಿಗೆ ಸಂಬಂಧಿಸಿವೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜಿಸಿತು. ಬಿಪಿ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನ ಆ ಪಟ್ಟಿಯಲ್ಲಿವೆ.

ನೆನಪು ಹೋದರೆ ಮನುಷ್ಯನೇ ಹೋದಂತೆ ಎನ್ನುವುದೂ ಪೂರ್ತಿ ಸತ್ಯವಲ್ಲ. ಅಪಸ್ಮಾರಕ್ಕೆಂದು 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 27ರ ಹರೆಯದ ಹೆನ್ರಿ ಮೊಲೈಸನ್‌ಗೆ ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದುಹಾಕಿದರು. ಆಮೇಲೆ 2008ರಲ್ಲಿ ಸಾಯುವವರೆಗೂ ಹೊಸ ಘಟನೆ ಅವರಲ್ಲಿ ನಿಲ್ಲಲೇ ಇಲ್ಲ. ದಶಕಗಳ ಕಾಲ ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವರಿಗೆ ಅಪರಿಚಿತರೇ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕಷ್ಟದ ಕೆಲಸದಲ್ಲಿ ಹೆನ್ರಿಯ ಕೈ ದಿನದಿನಕ್ಕೆ ಪಳಗಿತು. ಹಿಂದೆಂದೂ ಮಾಡಿದ ನೆನಪೇ ಅವರಿಗಿರಲಿಲ್ಲ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ. ಮಗಳ ಹೆಸರು ಮರೆತ ಅಜ್ಜಿ ಮಡಿಲಿಗೆ ಮಲ್ಲಿಗೆ ಸುರಿದರೆ ಸರಸರನೆ ಮಾಲೆ ಕಟ್ಟುವುದು ಹೀಗೆ. ಅಂಥವರಿಗೆ, “ನಾನು ಯಾರು ಹೇಳು ನೋಡೋಣ” ಎಂದು ಬಂದವರ ಮುಂದೆ ಪರೀಕ್ಷೆ ಇಡುವುದು ಹಿಂಸೆ. ಹೂವು ಕೊಡಿ.

ಅಮ್ಮನೋ ಅಪ್ಪನೋ ಒಂದೇ ಮಾತನ್ನು ಪದೇ ಪದೇ ಕೇಳತೊಡಗಿದ್ದರೆ ಗಾದೆ ಹೇಳಿ ಸುಮ್ಮನಾಗಬೇಡಿ. ರಕ್ತದಲ್ಲಿ ಬಿ12, ಥೈರಾಯ್ಡ್ ನೋಡಿಸಿ, ಕಿವಿ ತೋರಿಸಿ, ವೈದ್ಯರಲ್ಲಿಗೆ ಹೋಗುವಾಗ ಅವರು ತೆಗೆದುಕೊಳ್ಳುವ ಅಷ್ಟೂ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಮರೆವು ಯಾವಾಗಿನಿಂದ ಶುರುವಾಯಿತು ಎಂಬುದನ್ನು ಮಾತ್ರ ಮನೆಯಿಂದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೂತು ನೆನಪಿಸಿಕೊಳ್ಳಲು ಹೋಗಬೇಡಿ.