ನೀರುಗಂಟಿಗೆ ತರಬೇತಿ, ಅವನ ಬೆನ್ನಿಗೊಬ್ಬ ತಂತ್ರಜ್ಞ
ಗ್ರಾಮೀಣ ಕುಡಿಯುವ ನೀರಿನ ನಿರ್ವಹಣೆ ಮತ್ತು ವಾಣಿಜ್ಯ ವಲಯ

ಹಳೆಯ ಮೈಸೂರು ಸೀಮೆಯ ಆಯಗಾರರ ಪಟ್ಟಿಯಲ್ಲಿ ನೀರುಗಂಟಿಗೆ ಒಂದು ಖಚಿತವಾದ ಸ್ಥಾನವಿತ್ತು. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವುದು ಅವನ ಹೊಣೆ. ಸುಗ್ಗಿಯಲ್ಲಿ ಕಣದಿಂದ ದೊರೆಯುತ್ತಿದ್ದ ಧಾನ್ಯದ ಪಾಲು ಅವನ ಸಂಬಳ. ಆ ವ್ಯವಸ್ಥೆ ಬಹುಮಟ್ಟಿಗೆ ಮರೆಯಾಗಿ, ಹೆಸರು ಮಾತ್ರ ಉಳಿದಿದೆ. ಇಂದು ಗ್ರಾಮ ಪಂಚಾಯಿತಿಯ ಕೊಳವೆಬಾವಿಯ ಪಂಪನ್ನು ಚಾಲನೆ ಮಾಡುವ, ಮೇಲ್ತೊಟ್ಟಿಯನ್ನು ತುಂಬಿಸುವ, ಬೀದಿ ಬೀದಿಯ ವಾಲ್ವ್ ತಿರುಗಿಸುವ ನೌಕರನನ್ನೂ ಜನ ನೀರುಗಂಟಿಯೆಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ವಾಟರ್‌ಮನ್ ಎಂಬ ಮಾತು ರೂಢಿಯಲ್ಲಿದೆ.

ರಾಜ್ಯದಲ್ಲಿ 6,000ದ ಸಮೀಪ ಗ್ರಾಮ ಪಂಚಾಯಿತಿಗಳಿವೆ. 2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಪ್ರತಿಯೊಂದು ಗ್ರಾಮೀಣ ಮನೆಗೂ ನಲ್ಲಿಯ ಮೂಲಕ ತಲಾ ದಿನಕ್ಕೆ ಕನಿಷ್ಠ 55 ಲೀಟರ್ ನೀರು ನೀಡುವ ಗುರಿಯನ್ನು ಇರಿಸಿಕೊಂಡಿತು. ಆ ನೀರಿನ ಗುಣಮಟ್ಟ ಐಎಸ್ 10500 ಮಾನಕಕ್ಕೆ ಅನುಗುಣವಾಗಿರಬೇಕು. ಪೈಪು, ಪಂಪು, ಮೀಟರು, ಟ್ಯಾಂಕುಗಳ ತಯಾರಕರಿಗೂ ಮಾರಾಟಗಾರರಿಗೂ ಇದರಿಂದ ದೊರೆತ ವ್ಯಾಪಾರವನ್ನು ಇಲ್ಲಿ ವಿವರಿಸಬೇಕಾಗಿಲ್ಲ. 2025ರ ಫೆಬ್ರವರಿಯ ಕೇಂದ್ರ ಮುಂಗಡಪತ್ರದಲ್ಲಿ ಯೋಜನೆಯನ್ನು 2028ರವರೆಗೆ ವಿಸ್ತರಿಸಿದಾಗ, ನಿರ್ಮಾಣದ ಗುಣಮಟ್ಟ ಹಾಗೂ ನಿರ್ವಹಣೆಗೆ ಒತ್ತು ನೀಡುವುದಾಗಿ ಹೇಳಲಾಯಿತು. ಕೊಳವೆ ಹೂಳುವ ಕೆಲಸ ಗುತ್ತಿಗೆದಾರನೊಡನೆ ಮುಗಿಯುತ್ತದೆ. ಅನಂತರದ ಇಪ್ಪತ್ತು ಮೂವತ್ತು ವರ್ಷಗಳ ಹೊಣೆ ನೀರುಗಂಟಿಯ ಹೆಗಲಿಗೆ ಬರುತ್ತದೆ.

ಈ ನೌಕರ ತಿಳಿದಿರಬೇಕಾದ ವಿದ್ಯೆ ಸಣ್ಣದೇನಲ್ಲ. ಸಬ್‌ಮರ್ಸಿಬಲ್ ಮೋಟಾರಿಗೆ ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಸುರುಳಿ ಸುಡುತ್ತದೆ. ಇದನ್ನು ತಡೆಯಲೆಂದೇ ಪ್ಯಾನಲ್ ಬೋರ್ಡಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಇರುತ್ತದೆ. ಅದು ಪದೇ ಪದೇ ಮೋಟಾರನ್ನು ನಿಲ್ಲಿಸುತ್ತದೆಂದು ಬೇಸತ್ತು ಅದನ್ನೇ ಬೈಪಾಸ್ ಮಾಡುವ ರೂಢಿಯೂ ಇದೆ. ಮನೆಗಳಿಗೆ ನೀರು ಬರಲಿಲ್ಲವೆಂದು ಬೆಳಗ್ಗೆ ಬೈಗುಳ ತಿನ್ನುವವನು ಹಾಗೆ ಮಾಡುವುದು ಆಶ್ಚರ್ಯವಲ್ಲ. ಆಮ್ಮೀಟರಿನ ಮುಳ್ಳು ದಿನದಿನಕ್ಕೆ ಕೆಳಗಿಳಿಯುತ್ತಿದ್ದರೆ ಬಾವಿಯಲ್ಲಿ ನೀರು ತಗ್ಗುತ್ತಿರಬಹುದು, ಪಂಪು ಒಣಗಿ ಓಡುವ ಅಪಾಯ ಸಮೀಪಿಸಿದೆ. ಮೇಲೇರುತ್ತಿದ್ದರೆ ಬೇರಿಂಗ್ ಬಿಗಿಯಾಗುತ್ತಿರಬಹುದು. ದಿನಕ್ಕೊಮ್ಮೆ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವೊಂದೇ ಎಷ್ಟೋ ಮೋಟಾರುಗಳನ್ನು ಉಳಿಸಬಲ್ಲದು. ಮೋಟಾರು ಸುಟ್ಟಷ್ಟೂ ವೈಂಡಿಂಗ್ ಅಂಗಡಿಗೆ ಲಾಭವೆಂದು ತಮಾಷೆ ಮಾಡಬಹುದು. ಪಂಚಾಯಿತಿಯ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದ ಅಂಗಡಿಯವನಿಗೆ ಆ ಲಾಭದ ನಿಜಸ್ಥಿತಿ ಗೊತ್ತು.

ಅದಕ್ಕಿಂತ ಗಂಭೀರವಾದದ್ದು ಕ್ಲೋರಿನ್ನಿನ ಲೆಕ್ಕ. 50,000 ಲೀಟರಿನ ಮೇಲ್ತೊಟ್ಟಿಗೆ ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪುಡಿಯಲ್ಲಿ ಶೇ. 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ಪುಡಿ ಸಾಕು. ಅದೇ ಚೀಲ ಬಾಯಿ ತೆರೆದು ತೇವದಲ್ಲಿ ಬಿದ್ದಿದ್ದು, ಸತ್ವ ಶೇ. 15ಕ್ಕೆ ಇಳಿದಿದ್ದರೆ ಸುಮಾರು 670 ಗ್ರಾಂ ಬೇಕಾಗುತ್ತದೆ. ಕಣ್ಣಿಗೆ ಎರಡೂ ಪುಡಿ ಒಂದೇ. ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯದೆ, ಬಕೆಟ್ಟಿನಲ್ಲಿ ಕಲಸಿ, ಸುಣ್ಣದ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬೆರೆಸಬೇಕು. ಅರ್ಧ ಗಂಟೆಯಾದರೂ ಬಿಡಬೇಕು. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ಕ್ಲೋರೋಸ್ಕೋಪಿನಲ್ಲಿ ಪರೀಕ್ಷಿಸಬೇಕು. ಪುಡಿಯ ಚೀಲವನ್ನು ಪ್ಯಾನಲ್ ಬೋರ್ಡಿನ ಕೋಣೆಯಲ್ಲೇ ಇಟ್ಟರೆ ಅದರ ಘಾಟು ತಾಮ್ರದ ಸಂಪರ್ಕಗಳನ್ನು ತಿಂದುಹಾಕುತ್ತದೆ. ಇಷ್ಟನ್ನು ಹೇಳಿಕೊಡಲು ಅರ್ಧ ದಿನ ಸಾಕು. ಆ ಅರ್ಧ ದಿನವನ್ನು ಯಾರೂ ನೀಡದ ಕಡೆ ಪುಡಿಯನ್ನು ಬೊಗಸೆಯಲ್ಲಿ ಅಳೆಯಲಾಗುತ್ತದೆ.

ವಾಕರ್‌ಟನ್ ಪಟ್ಟಣದ ಪಾಠ

ಇಂತಹ ಅಲಕ್ಷ್ಯದ ಬೆಲೆಯನ್ನು ಅರಿಯಲು ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್‌ಟನ್ ಪಟ್ಟಣದ ಉದಾಹರಣೆಗಿಂತ ಸ್ಪಷ್ಟವಾದದ್ದು ವಿರಳ. ಜನಸಂಖ್ಯೆ ಸುಮಾರು 4,800. ನಮ್ಮ ಒಂದು ದೊಡ್ಡ ಹೋಬಳಿ ಕೇಂದ್ರದಷ್ಟು. 2000ದ ಮೇ ತಿಂಗಳಲ್ಲಿ ಸುರಿದ ಭಾರಿ ಮಳೆಯಲ್ಲಿ, ಸಮೀಪದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ಅಂಶ ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಅದರೊಡನೆ ಬಂದ ಇ. ಕೋಲೈ ಮತ್ತು ಕ್ಯಾಂಪಿಲೋಬ್ಯಾಕ್ಟರ್ ರೋಗಾಣುಗಳಿಂದ 7 ಮಂದಿ ಮೃತಪಟ್ಟರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಅವರ ವಿಚಾರಣಾ ಆಯೋಗ 2002ರಲ್ಲಿ ವರದಿ ನೀಡಿತು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲವೆಂದೂ, ನೀರಿನ ನಿರ್ವಾಹಕರು ಪ್ರತಿದಿನ ಅಳೆಯಬೇಕಾದ ಉಳಿಕೆ ಕ್ಲೋರಿನ್ನನ್ನು ಅಳೆಯದೆ ದಾಖಲೆ ಪುಸ್ತಕದಲ್ಲಿ ಕಲ್ಪಿತ ಅಂಕಿಗಳನ್ನು ತುಂಬುತ್ತಿದ್ದರೆಂದೂ ಅದರಲ್ಲಿ ಹೇಳಲಾಯಿತು.

ಆ ನಿರ್ವಾಹಕರು ಊರಿಗೆ ಕೇಡು ಬಯಸಿದವರಲ್ಲ. ಸಂಸ್ಕರಿಸದ ಬಾವಿಯ ನೀರನ್ನು ಸ್ವತಃ ಕುಡಿಯುತ್ತಿದ್ದವರು; ಕ್ಲೋರಿನ್ನಿನ ವಾಸನೆಯ ಬಗ್ಗೆ ಜನ ದೂರಿದಾಗ ಪ್ರಮಾಣ ತಗ್ಗಿಸುವುದೇ ಸರಿಯೆಂದು ನಂಬಿದ್ದವರು. ಪರೀಕ್ಷೆಯಿಲ್ಲದೆ, ಅನುಭವದ ಆಧಾರದ ಮೇಲೆ ಅವರಿಗೆ ಪ್ರಮಾಣಪತ್ರ ದೊರೆತಿತ್ತು. ಕಾಗದದ ಮೇಲೆ ಎಲ್ಲವೂ ಇತ್ತು, ನೀರಿನಲ್ಲಿ ಕ್ಲೋರಿನ್ ಇರಲಿಲ್ಲ. ವಾಣಿಜ್ಯ ವಲಯದವರಿಗೆ ಮುಖ್ಯವೆನಿಸುವ ಇನ್ನೊಂದು ಅಂಶವಿದೆ: ಆಯೋಗಕ್ಕಾಗಿ ನಡೆದ ಅಧ್ಯಯನ ಈ ದುರಂತದ ಆರ್ಥಿಕ ನಷ್ಟವನ್ನು 6.45 ಕೋಟಿ ಕೆನಡಾ ಡಾಲರಿಗೂ ಅಧಿಕವೆಂದು ಅಂದಾಜಿಸಿತು. 2004ರಲ್ಲಿ ಅದೇ ಪಟ್ಟಣದಲ್ಲಿ ನೀರಿನ ನಿರ್ವಾಹಕರ ತರಬೇತಿಗಾಗಿಯೇ ಸರ್ಕಾರ ಒಂದು ಕೇಂದ್ರವನ್ನು ಸ್ಥಾಪಿಸಿತು.

ಕರ್ನಾಟಕವೂ ಇಂತಹ ಸುದ್ದಿಗಳಿಂದ ಹೊರತಾಗಿಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದು ಅಸ್ವಸ್ಥರಾದವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಎರಡೂ ನಗರ ವ್ಯಾಪ್ತಿಯ ಪ್ರಕರಣಗಳು. ಇಂಜಿನಿಯರುಗಳೂ ಪ್ರಯೋಗಾಲಯವೂ ಸಮೀಪದಲ್ಲಿರುವ ಕಡೆಯೇ ಹೀಗಾದರೆ, ಒಬ್ಬನೇ ನೌಕರನಿರುವ ಹಳ್ಳಿಯ ಪಾಡನ್ನು ಊಹಿಸಬಹುದು.

ಸುತ್ತುವ ತಂತ್ರಜ್ಞ

ತರಬೇತಿಯ ವ್ಯವಸ್ಥೆಯೇ ಇಲ್ಲವೆಂದರೆ ಅನ್ಯಾಯವಾದೀತು. 1980ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನೇ ಹೊತ್ತ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯಿತಿ ಸಿಬ್ಬಂದಿಗೆ ತರಬೇತಿ ನೀಡುತ್ತ ಬಂದಿದೆ. ಕೊಳಾಯಿ, ವಿದ್ಯುತ್ತು, ಪಂಪು ಈ ಮೂರರ ಕೆಲಸವನ್ನೂ ಒಬ್ಬನಿಗೇ ಕಲಿಸುವ 'ನಲ್ ಜಲ್ ಮಿತ್ರ' ಕಾರ್ಯಕ್ರಮವನ್ನು ಕೇಂದ್ರ ರೂಪಿಸಿದೆ. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸಲು ಕಲಿಸಬೇಕೆಂಬುದೂ ಜಲ ಜೀವನ್ ಮಿಷನ್‌ನ ಭಾಗ. ಆದರೆ ತರಗತಿಯಲ್ಲಿ ಕಲಿತದ್ದು ಊರಿನ ಪಂಪ್‌ಹೌಸಿನಲ್ಲಿ ಎಷ್ಟು ದಿನ ಉಳಿಯುತ್ತದೆಂಬುದೇ ಪ್ರಶ್ನೆ. ಆರು ತಿಂಗಳ ಅನಂತರ ಡೋಸರ್ ಕಟ್ಟಿಕೊಂಡಾಗ, ಪರೀಕ್ಷಾ ದ್ರಾವಣ ಮುಗಿದಾಗ ಯಾರಿಗೆ ಫೋನ್ ಮಾಡಬೇಕೆಂಬುದು ತಿಳಿಯದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲೆಯೇ ಉಳಿಯುತ್ತದೆ.

ಅಮೆರಿಕದಲ್ಲಿ ಇದಕ್ಕೊಂದು ಪರಿಹಾರ ಬಹಳ ಹಿಂದೆಯೇ ರೂಪುಗೊಂಡಿತು. 1976ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ಗ್ರಾಮೀಣ ನೀರು ಸಂಘ, 'ಸರ್ಕ್ಯೂಟ್ ರೈಡರ್' ಎಂಬ ಸಂಚಾರಿ ತಂತ್ರಜ್ಞರ ಪದ್ಧತಿಯನ್ನು ಬೆಳೆಸಿತು. ಕುದುರೆಯೇರಿ ಊರೂರು ಸುತ್ತುತ್ತಿದ್ದ ಹಿಂದಿನ ಬೋಧಕರಿಂದ ಬಂದ ಹೆಸರಿದು. ಅನುಭವಿ ತಂತ್ರಜ್ಞನೊಬ್ಬ ಪರೀಕ್ಷಾ ಸಾಮಗ್ರಿ, ಸೋರಿಕೆ ಪತ್ತೆಯ ಉಪಕರಣಗಳೊಡನೆ ಊರಿಂದೂರಿಗೆ ಹೋಗಿ, ಸ್ಥಳೀಯ ನಿರ್ವಾಹಕನ ಪಕ್ಕದಲ್ಲಿ ನಿಂತು, ಅವನ ಕೈಯಲ್ಲೇ ಕೆಲಸ ಮಾಡಿಸುತ್ತಾನೆ. ಅವನು ದಂಡ ಹಾಕುವ ಅಧಿಕಾರಿಯಲ್ಲ. ಆದ್ದರಿಂದಲೇ ನಿರ್ವಾಹಕ ತನ್ನ ಲೋಪಗಳನ್ನು ಮುಚ್ಚಿಡುವುದಿಲ್ಲ. ಹೊಂಡುರಾಸ್, ಎಲ್ ಸಾಲ್ವಡಾರ್‌ನಂತಹ ಬಡ ದೇಶಗಳಿಗೂ ಈ ಪದ್ಧತಿ ಹಬ್ಬಿದೆ.

ನಮ್ಮ ಜಿಲ್ಲೆಗಳಲ್ಲಿ ಇಂತಹ ಸುತ್ತಾಟವನ್ನು ಈಗಾಗಲೇ ನಡೆಸುತ್ತಿರುವವರು ಪಂಪು ತಯಾರಕರ ಸೇವಾ ಸಿಬ್ಬಂದಿ ಮತ್ತು ತಾಲ್ಲೂಕು ಮಟ್ಟದ ವಿತರಕರು. ಮಾರಾಟದ ಮಾತಿನ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡು, ಹತ್ತಿರದ ಹತ್ತು ಪಂಚಾಯಿತಿಗಳ ನೀರುಗಂಟಿಗಳನ್ನು ಅಂಗಡಿಯ ಮುಂದೆ ಸೇರಿಸಿ ಪ್ಯಾನಲ್ ಬೋರ್ಡನ್ನು ಬಿಚ್ಚಿ ತೋರಿಸುವುದು ಅವರಿಗೆ ಕಷ್ಟವಲ್ಲ. ಬ್ಲೀಚಿಂಗ್ ಪುಡಿಯನ್ನು ದೊಡ್ಡ ಚೀಲದ ಬದಲು ಒಂದು ತೊಟ್ಟಿಗೆ ಒಂದರಂತೆ ಸಣ್ಣ ಪೊಟ್ಟಣಗಳಲ್ಲಿ, ತಯಾರಿಕೆಯ ತಿಂಗಳು ಮತ್ತು ಕನ್ನಡದ ಅಳತೆ ಪಟ್ಟಿಯೊಡನೆ ನೀಡುವುದು ಸಣ್ಣ ಕೈಗಾರಿಕೆಗೆ ಹೇಳಿ ಮಾಡಿಸಿದ ಉದ್ಯಮ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಸುರಕ್ಷಿತ ಕುಡಿಯುವ ನೀರು ಸೇರಿರುವುದರಿಂದ ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯೂ ಇದಕ್ಕೆ ಸಲ್ಲುತ್ತದೆ. ಶುದ್ಧ ನೀರಿನ ಘಟಕವೊಂದನ್ನು ಉದ್ಘಾಟಿಸಿ ಫಲಕ ಹಾಕಿಸುವ ಹಣದಲ್ಲಿ ಒಬ್ಬ ಸಂಚಾರಿ ತಂತ್ರಜ್ಞನಿಗೆ ಎಷ್ಟು ಕಾಲ ಸಂಬಳ ನೀಡಬಹುದೆಂಬುದನ್ನು ಅಂತಹ ಕಂಪನಿಗಳು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಸಂಬಳದ ಮಾತು ಬಂದಾಗ ಇನ್ನೊಂದು ವಿಷಯವನ್ನು ಮರೆಮಾಚುವಂತಿಲ್ಲ. ವೇತನ ಸಕಾಲಕ್ಕೆ ಕೈಸೇರದ ನೌಕರ ತರಬೇತಿ ಪಡೆದ ಕೂಡಲೇ ಪಟ್ಟಣದ ಪ್ಲಂಬಿಂಗ್ ಕೆಲಸಕ್ಕೆ ಹೊರಟುಬಿಡುತ್ತಾನೆ, ಅವನನ್ನು ದೂಷಿಸಲಾಗದು. ನಗರಸಭೆಯ ಗಡಿಯಾಚೆ, ಪಂಚಾಯಿತಿ ವ್ಯಾಪ್ತಿಯಲ್ಲಿರುವ ಕಾರ್ಖಾನೆಗಳು ಈ ವಿಷಯವನ್ನು ಪಂಚಾಯಿತಿಯ ಮುಂದಿಡಲು ಹಕ್ಕುಳ್ಳವು, ಏಕೆಂದರೆ ತೆರಿಗೆ ಕಟ್ಟುವವರು ಅವರು, ಅವರ ಕಾರ್ಮಿಕರು ಮನೆಯಲ್ಲಿ ಕುಡಿಯುವುದೂ ಅದೇ ನೀರನ್ನು. ತಮ್ಮದೇ ಕೊಳವೆಬಾವಿಯಿಂದ ಕ್ಯಾಂಟೀನಿಗೆ ನೀರು ಪಡೆಯುವ ಕಾರ್ಖಾನೆಗಳಲ್ಲಿ ಆ ಪಂಪನ್ನು ನೋಡಿಕೊಳ್ಳುವವನು ಸಾಮಾನ್ಯವಾಗಿ ಕಾವಲುಗಾರನೋ ಎಲೆಕ್ಟ್ರೀಷಿಯನ್ನನ ಸಹಾಯಕನೋ ಆಗಿರುತ್ತಾನೆ. ಪಕ್ಕದ ಊರಿನ ನೀರುಗಂಟಿಗಾಗಿ ಏರ್ಪಡುವ ಅರ್ಧ ದಿನದ ಪಾಠಕ್ಕೆ ಅವನನ್ನೂ ಕಳುಹಿಸಬಹುದು. ಮರುದಿನದಿಂದಲೇ ಕ್ಯಾಂಟೀನಿನ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಎಷ್ಟಿದೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆಸಲು ಆರಂಭಿಸಬಹುದು.