ಪುರುಸೊತ್ತಿಲ್ಲದ ಮನಸ್ಸಿಗೆ ಒಂದು ಗಳಿಗೆ



ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ಯಾವ ಊರಿಗೆ ಹೋದರೂ ನಮ್ಮ ಕಿವಿಗೆ ಬೀಳುವ ಮಾತೊಂದಿದೆ: ‘ಪುರ್ಸೊತ್ತಿಲ್ಲೆ, ಸ್ವಾಮೀಜಿ.’ ಗದ್ದೆಗೆ ಇಳಿದವರಿಗೆ ಪುರುಸೊತ್ತಿಲ್ಲ, ದೋಣಿ ಏರಿದವರಿಗೆ ಇಲ್ಲ, ಬೆಂಗಳೂರು ಮುಂಬಯಿಗಳಲ್ಲಿ ಹೋಟೆಲು ನಡೆಸುವ ಮಕ್ಕಳಿಗಂತೂ ಇಲ್ಲವೇ ಇಲ್ಲ. ಊರಿನಿಂದ ತಾಯಿ ಫೋನು ಮಾಡಿದರೆ ‘ಆಮೇಲೆ ಮಾಡುತ್ತೇನೆ’ ಎಂಬ ಉತ್ತರ ಬರುತ್ತದೆ. ಆ ‘ಆಮೇಲೆ’ ಬರುವಷ್ಟರಲ್ಲಿ ತಾಯಿಯ ಕಿವಿಯೇ ಮಂದವಾಗಿರುತ್ತದೆ.

ದುಡಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಕಾಯಕವನ್ನು ಪೂಜೆಗೆ ಸಮನಾಗಿ ಕಂಡ ಪರಂಪರೆ ನಮ್ಮದು. ಆದರೆ ಕಾಯಕ ಬೇರೆ, ಧಾವಂತ ಬೇರೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ಕಾಯಕದ ಬೆನ್ನೇರಿ ಬಂದ ಆಸೆಯನ್ನು ಆ ಶರಣೆ ಬಾಗಿಲಲ್ಲಿಯೇ ತಡೆದರು. ಹಾಗೆ ತಡೆದು ಕೇಳುವ ದನಿ ನಮ್ಮ ಒಳಗೂ ಇದೆ. ಗದ್ದಲದಲ್ಲಿ ಅದು ಕೇಳಿಸದು. ಅದನ್ನು ಆಲಿಸಲು ಕುಳಿತುಕೊಳ್ಳುವುದೇ ಧ್ಯಾನ.

ಗಂಗೊಳ್ಳಿಯ ಬಂದರನ್ನು ನೋಡಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನ ಬೆಳೆಯಲೆಂದು ಈ ನಿಯಮ. ಎಡೆಬಿಡದೆ ಬಲೆ ಬೀಸಿದರೆ ಕಡಲೂ ಬರಿದಾಗುತ್ತದೆ. ಅಷ್ಟು ದೊಡ್ಡ ಕಡಲಿಗೇ ಬಿಡುವು ಬೇಕಾದರೆ ಈ ಪುಟ್ಟ ಮನಸ್ಸಿಗೆ ಬೇಡವೇ?

ಹೊರೆ ಹೆಚ್ಚು ಎಂಬ ನೆಪವೂ ನಿಲ್ಲದು. ಈ ಕರಾವಳಿಯನ್ನು ಆಳಿದ ಕೆಳದಿಯ ವೀರಶೈವ ಅರಸರಲ್ಲಿ ಒಬ್ಬನಾದ ಬಸವಪ್ಪ ನಾಯಕನು ರಾಜ್ಯಭಾರದ ನಡುವೆಯೇ 1709ರಲ್ಲಿ ‘ಶಿವತತ್ತ್ವ ರತ್ನಾಕರ’ವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಒಂದು ರಾಜ್ಯದ ಹೊರೆಗಿಂತ ನಮ್ಮ ಹೊರೆ ದೊಡ್ಡದೇನಲ್ಲ.

ಹಗಲು ರಾತ್ರಿ ಸೇರಿ ದಿನಕ್ಕೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. 59 ಗಳಿಗೆಯನ್ನು ಸಂಸಾರಕ್ಕೆ ಇಟ್ಟುಕೊಂಡು ಒಂದನ್ನು ಶಿವನಿಗೆ ಕೊಡಿರಿ. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಬೆನ್ನು ನೆಟ್ಟಗಿರಿಸಿ ಕುಳಿತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಳ್ಳಿರಿ. ಅದರ ಕಪ್ಪು ಹೊಳಪಿನಲ್ಲಿ ದೃಷ್ಟಿಯನ್ನು ನಿಲ್ಲಿಸಿ ಪಂಚಾಕ್ಷರಿಯನ್ನು ಮೆಲ್ಲನೆ ಜಪಿಸಿರಿ. ಮನಸ್ಸು ಹಾರಿದರೆ ಗದರಬೇಡಿರಿ. ಹಗ್ಗ ಬಿಚ್ಚಿಕೊಂಡ ಕರುವನ್ನು ಹಟ್ಟಿಗೆ ತರುವಂತೆ ಮೆಲ್ಲನೆ ಮರಳಿ ತನ್ನಿರಿ. ಮೊಬೈಲು ಆಚೆ ಕೋಣೆಯಲ್ಲಿರಲಿ. ನೆಲದ ಮೇಲೆ ಕೂರಲಾಗದ ವೃದ್ಧರು ಕುರ್ಚಿಯಲ್ಲಿ ಕುಳಿತರೂ ಲೋಪವಿಲ್ಲ. ಲಿಂಗದೀಕ್ಷೆ ಪಡೆಯದವರು ದೇವರ ದೀಪದ ಮುಂದೆ ಕುಳಿತು ತಮ್ಮ ಇಷ್ಟದೈವವನ್ನು ನೆನೆಯಬಹುದು.

ಹೀಗೆ ನಿತ್ಯವೂ ಕುಳಿತೇಳುವವನಿಗೆ ಮಾಡಲೇಬೇಕಾದ ಕೆಲಸ ಯಾವುದು, ಬರಿಯ ಓಟ ಯಾವುದು ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಬರಿಯ ಓಟ ತಗ್ಗಿದಾಗ ಉಳಿಯುವ ಹೊತ್ತು ಮೊದಲು ಹೆತ್ತವರಿಗೆ ಸಲ್ಲಲಿ.

ಹಿರಿಯರಿಗೂ ಒಂದು ಮಾತು. ಮಕ್ಕಳು ಊರಿಗೆ ಬಂದಾಗ ಉಪದೇಶ ಬೇಡ. ಮುಂಜಾನೆ ನಿಮ್ಮ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿರಿ. ಕೇಳಿದ್ದು ಮರೆತೀತು, ಕಂಡದ್ದು ಉಳಿದೀತು.

ಸರ್ವರಿಗೂ ಸನ್ಮಂಗಳವಾಗಲಿ.